ಎಫ್‌ಸಿ ದಿನದ ಡಬ್ಬಿ

ಅಣ್ಣನ ವ್ಯಾನಿನ ಅಡಿಯಲ್ಲಿ ಇರಬೇಕಾದ ಒಂದು ಡಬ್ಬಿ ಇರಲಿಲ್ಲ. ಇಂಜಿನ್ನಿನ ಹೊಗೆ ಸೈಲೆನ್ಸರ್ ಸೇರುವ ಮೊದಲು ಆ ಡಬ್ಬಿಯನ್ನು ಹಾದು, ತನ್ನ ವಿಷವನ್ನು ಬಹುಮಟ್ಟಿಗೆ ಅಲ್ಲೇ ಬಿಟ್ಟು ಬರಬೇಕು. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ನಮ್ಮ ಶಿಕಾರಿಪುರದ ಮೆಕ್ಯಾನಿಕ್‌ನ ಬಾಯಲ್ಲಿ ಅದು ಬರೀ ಡಬ್ಬಿ. ಹಳೆಯ ಪೆಟ್ರೋಲ್ ವ್ಯಾನಿಗೆ ಗ್ಯಾಸ್ ಕೂರಿಸಿದ ಮೇಲೆ ಗಾಡಿ ಏರು ಹತ್ತುತ್ತಿಲ್ಲ ಎಂದು ಅಣ್ಣ ದೂರಿದ್ದ. ಡಬ್ಬಿ ಒಳಗೆ ಕಟ್ಟಿಕೊಂಡಿದೆ ಎಂದು ಮೆಕ್ಯಾನಿಕ್ ಅದನ್ನು ಕಿತ್ತು, ಆ ಜಾಗಕ್ಕೆ ಒಂದು ನೇರ ಪೈಪ್ ಹಾಕಿದ. ಗಾಡಿ ಹಗುರಾಗಿ ಓಡತೊಡಗಿತು. ಡಬ್ಬಿ ಗುಜರಿಗೆ ಹೋಯಿತು.

ಅದರ ನೆನಪಾಗುತ್ತಿದ್ದುದು ಎಫ್‌ಸಿ ಬಂದಾಗ ಮಾತ್ರ. ಬಾಡಿಗೆ ಗಾಡಿ ಓಡಲು ಯೋಗ್ಯವೇ ಎಂದು ಸಾರಿಗೆ ಕಚೇರಿಯವರು ತಪಾಸಣೆ ಮಾಡುತ್ತಾರೆ. ಅದಕ್ಕೆ ಮೊದಲು ಹೊಗೆ ಪರೀಕ್ಷೆ ಆಗಬೇಕು. ಡಬ್ಬಿಯಿಲ್ಲದ ಗಾಡಿ ಅದರಲ್ಲಿ ಪಾಸಾಗುವುದಿಲ್ಲ. ಮೆಕ್ಯಾನಿಕ್ ಇದಕ್ಕೂ ದಾರಿ ಮಾಡಿಟ್ಟಿದ್ದ. ಅವನ ಗ್ಯಾರೇಜಿನ ಗೂಟಕ್ಕೆ ಒಂದು ಒಳ್ಳೆಯ ಡಬ್ಬಿ ನೇತಾಡುತ್ತಿತ್ತು. ಅಂಥ ವ್ಯಾನುಗಳಿಗೆಲ್ಲ ಅದೊಂದೇ. ತಪಾಸಣೆಯ ಹಿಂದಿನ ದಿನ ಹಾಕುವುದು, ಪಾಸಾದ ಮೇಲೆ ಬಿಚ್ಚಿ ಮುಂದಿನ ಗಾಡಿಗೆ ಕೊಡುವುದು.

ಅಣ್ಣನ ಗಾಡಿ ಪಾಸಾಗಿ ಬಂದ ದಿನ ನಾನೂ ಗ್ಯಾರೇಜಿನಲ್ಲಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಜೆ ಅಣ್ಣನ ಜೊತೆ ಮನೆಗೆ ಹೋಗುವುದಿತ್ತು.

"ಬಿಚ್ಚೋದ್ಯಾಕೆ? ಹಂಗೇ ಇರಲಿ ಬಿಡ್ರಿ" ಎಂದೆ.

ಮೆಕ್ಯಾನಿಕ್ ಗಾಡಿಯಡಿಯಿಂದಲೇ ನಕ್ಕ. "ಹೆಣ್ಣು ನೋಡಾಕ ಬಂದಾಗ ಪಕ್ಕದ ಮನಿ ಸರ ಹಾಕ್ಕಳಲ್ಲೇನ್ರೀ ಮೇಡಂ? ಅವ್ರು ಎದ್ದು ಹೋದಮ್ಯಾಲೆ ವಾಪಸ್ ಕೊಡಾದು. ಶಾಲೆ ಗಾಡಿಯೋರು ಆಗ್ಲೇ ಎರಡು ಸಲ ಫೋನ್ ಮಾಡ್ಯಾರ."

ಅಣ್ಣನೂ ನಕ್ಕ. ಕಳಚಿದ ನೇರ ಪೈಪನ್ನು ಮತ್ತೆ ಸೇರಿಸುವಾಗ ಹೊಗೆ ಸೋರದಂತೆ ಜೋಡಣೆಯ ನಡುವೆ ಕೂರಿಸುವ ಗ್ಯಾಸ್ಕೆಟ್ ಸೀಳಿಹೋಗಿತ್ತು. ಮೆಕ್ಯಾನಿಕ್ ಅದನ್ನೇ ಬೆರಳಿನಿಂದ ಸರಿಮಾಡಿ ಬೋಲ್ಟ್ ಬಿಗಿದ. ಹೊಸದು ಅಂಗಡಿಯಲ್ಲಿ ಇರಲಿಲ್ಲ. ಆಮೇಲೆ ಬಾ ಎಂದ. ಆಮೇಲೆ ಹೋಗಲು ಪುರುಸೊತ್ತು ಇರಲಿಲ್ಲ. ಮಾರನೆಯ ದಿನ ಮಂಗಳವಾರ, ಹೆಣ್ಣುಮಗಳನ್ನು ಕಳಿಸುವಂತಿಲ್ಲ. ಬುಧವಾರ ಹೊಸಬಾಳೆಗೆ ಹೋಗಿ ಅತ್ತಿಗೆಯನ್ನೂ ಮೂರು ತಿಂಗಳ ಕೂಸನ್ನೂ ತವರಿನಿಂದ ಕರೆತರುವುದೆಂದು ಹಿರಿಯರು ಗೊತ್ತು ಮಾಡಿದ್ದರು. ಮಂಗಳವಾರವಿಡೀ ಅಣ್ಣನಿಗೆ ಬೇರೆ ಬಾಡಿಗೆ ಇತ್ತು.

ಅಣ್ಣ ಅಜಾಗರೂಕನಲ್ಲ. ಅದನ್ನು ಹೇಳಲೇಬೇಕು. ಹೊಸಬಾಳೆಯ ಅಂಗಳದಲ್ಲಿ, ಕೂಸನ್ನು ಹತ್ತಿಸುವ ಮೊದಲು, ಒಂದು ಲೋಟದಲ್ಲಿ ಸೋಪಿನ ನೊರೆ ತರಿಸಿ ಗ್ಯಾಸ್ ಟ್ಯಾಂಕಿನ ಒಂದೊಂದು ಜೋಡಣೆಗೂ ಹಚ್ಚಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

"ನೋಡ್ರಿ ಅತ್ತೆ, ಎಲ್ಲೂ ಲೀಕ್ ಇಲ್ಲ. ಧೈರ್ಯದಿಂದ ಹತ್ರಿ."

ಅತ್ತಿಗೆಯ ತಾಯಿಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಮಗಳನ್ನು ಬಿಟ್ಟು ಬರಲು ಅವರೂ ಹೊರಟಿದ್ದರು. ಅವರಿಗೆ ಗ್ಯಾಸಿಗಿಂತ ಗಾಳಿಯ ಭಯ ಹೆಚ್ಚು. ಬಾಣಂತಿಗೆ ಗಾಳಿ ಸೋಕಬಾರದು. ಅತ್ತಿಗೆಯ ಕಿವಿಗೆ ಹತ್ತಿಯಿಟ್ಟು ತಲೆಗೆ ಸ್ಕಾರ್ಫ್ ಬಿಗಿದಿದ್ದರು. ಕಿಟಕಿಯ ಗಾಜುಗಳನ್ನೆಲ್ಲ ಏರಿಸಿದರು. ಜಾರುಬಾಗಿಲಿನ ಸಂದಿಯಲ್ಲಿ ತಣ್ಣನೆ ಗಾಳಿ ಬರುತ್ತದೆಂದು ಅಲ್ಲಿಗೆ ಹಳೆಯ ಸೀರೆಯ ತುಂಡು ತುರುಕಿದರು. ಅಣ್ಣನ ಪಕ್ಕದ ಕಿಟಕಿಯನ್ನೂ ಬಿಡಲಿಲ್ಲ.

"ಅಷ್ಟೂ ಮುಚ್ರೀ. ಕೂಸಿಗೆ ಶೀತ ಆದ್ರೆ ನಿಮ್ಮ ಅಮ್ಮ ನನಗೇ ಅಂತಾರೆ, ಹೊಸಬಾಳೆಯೋರು ಮಗು ನೋಡ್ಕಂಡಿದ್ದು ಹೀಗೆ ಅಂತ."

ಹಿಂದಿನ ಸೀಟಿನಲ್ಲಿ ಅತ್ತೆ, ನಡುವಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಅತ್ತಿಗೆ, ಅವರ ಪಕ್ಕ ಬಾಗಿಲ ಬಳಿ ನಾನು. ನನ್ನ ಪಾದದ ಕೆಳಗೆ ರಬ್ಬರ್ ಹಾಸಿತ್ತು. ಅದರಡಿಯ ತಗಡಿನಲ್ಲಿ, ಗ್ಯಾಸ್ ಟ್ಯಾಂಕಿನ ಜಾಗ ಬದಲಿಸಿದಾಗ ಉಳಿದುಹೋದ ಬೋಲ್ಟಿನ ತೂತುಗಳಿದ್ದವು. ಅವುಗಳ ವಿಷಯ ನನಗೆ ಆಗ ಗೊತ್ತಿರಲಿಲ್ಲ.

ಸೊರಬದವರೆಗೂ ಕೂಸು ಅಳುತ್ತಲೇ ಇತ್ತು. ಸಮಾಧಾನಕ್ಕೆ ನನ್ನ ತೋರುಬೆರಳನ್ನು ಅದರ ಅಂಗೈಗೆ ಇಟ್ಟೆ. ಅಷ್ಟು ಚಿಕ್ಕ ಕೈಯಲ್ಲಿ ಅಷ್ಟು ಬಿಗಿ ಇರುತ್ತದೆಂದು ತಿಳಿದಿರಲಿಲ್ಲ. ಸೊರಬದ ಬಸ್ ನಿಲ್ದಾಣ ದಾಟಿದ ಮೇಲೆ ಅಳು ನಿಂತಿತು.

"ಗಾಡಿ ಕುಲುಕಾಟ ಹಿತ ಆಯ್ತು ನೋಡು ಅದಕ್ಕೆ" ಎಂದರು ಅತ್ತೆ. "ಎಂಥಾ ಸಾಧು ಕೂಸು! ಇವಳು ಇಷ್ಟಿದ್ದಾಗ ಊರೇ ಎಬ್ಬಿಸ್ತಿದ್ಲು."

"ನಾನಲ್ಲಮ್ಮ, ನಿನ್ನ ಮಗ ಇರಬೇಕು" ಎಂದು ಅತ್ತಿಗೆ ಆಕಳಿಸಿದರು. ಸ್ವಲ್ಪ ಹೊತ್ತಿನಲ್ಲಿ ತಲೆ ಭಾರ ಎಂದರು. ಕಿವಿಗೆ ಬಿಗಿದ ಸ್ಕಾರ್ಫಿನಿಂದ ಇರಬೇಕೆಂದು ಅತ್ತೆ ಗಂಟು ಸಡಿಲಿಸಿದರು. ನನಗೂ ಹಣೆಯ ಎರಡು ಬದಿ ಮಿಡಿಯುತ್ತಿತ್ತು. ಬೆಳಿಗ್ಗೆ ಬೇಗ ಎದ್ದದ್ದಕ್ಕೆ ಎಂದುಕೊಂಡೆ. ಹಿಂದೆ ಅತ್ತೆಯ ಮಾತು ನಿಂತಿತ್ತು. ತಿರುಗಿದರೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ವ್ಯಾನಿನಲ್ಲಿ ಯಾವ ವಾಸನೆಯೂ ಇರಲಿಲ್ಲ. ಗ್ಯಾಸಿನ ವಾಸನೆಯಂತೂ ಇಲ್ಲವೇ ಇಲ್ಲ. ಗಾಜಿನಾಚೆ ಮೆಕ್ಕೆಜೋಳದ ಹೊಲಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು.

ತಾಳಗುಂದದ ಹತ್ತಿರ ನನ್ನ ಬೆರಳಿನ ಮೇಲಿನ ಹಿಡಿತ ಸಡಿಲವಾಯಿತು.

ಕೂಸು ನಿದ್ದೆಯಲ್ಲಿ ಕೈಬಿಟ್ಟಿರಬಹುದು. ಬೆರಳನ್ನು ಮತ್ತೆ ಅಂಗೈಗೆ ಒತ್ತಿದೆ. ನಿದ್ದೆಯ ಮಗುವೂ ಮುಷ್ಟಿ ಹಿಡಿಯುತ್ತದೆ. ಇದು ಹಿಡಿಯಲಿಲ್ಲ. ಅಂಗಾಲು ಚಿವುಟಿದೆ. ಅಲುಗಲಿಲ್ಲ.

"ಅಣ್ಣ, ನಿಲ್ಲಿಸು."

"ಈಗ ತಾನೇ ಹೊಂಟೀವಿ. ಮೇಡಂಗೆ ಚಾ ಬೇಕಾತೇನು?"

"ನಿಲ್ಲಿಸು."

ಅವನ ಮಾತೂ ಎಳೆದೆಳೆದು ಬರುತ್ತಿತ್ತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಸೀರೆಯ ತುಂಡನ್ನು ಕಿತ್ತು ಬಾಗಿಲು ಜಾರಿಸಿ, ಕೂಸನ್ನು ಅತ್ತಿಗೆಯ ಮಡಿಲಿನಿಂದ ಎತ್ತಿಕೊಂಡು ಇಳಿದೆ. ಅತ್ತಿಗೆ ನನ್ನನ್ನು ತಡೆಯಲಿಲ್ಲ. ಅವರು ನನ್ನನ್ನು ನೋಡುತ್ತಿದ್ದರು, ಅಷ್ಟೇ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಗಾಳಿ! ಗಾಳಿ ಸೋಕ್ತದೆ ಕಣೆ, ಕೂಸನ್ನ ಒಳಗೆ ಕೊಡು!" ಅತ್ತೆ ಎಚ್ಚೆತ್ತು ಕೂಗಿದರು. ಇಳಿಯಲು ಹೋಗಿ ಕಾಲು ನಿಲ್ಲದೆ ರಸ್ತೆಯಂಚಿನಲ್ಲಿ ಕುಳಿತರು, ವಾಂತಿ ಮಾಡಿಕೊಂಡರು.

ನಾನು ಕೂಸಿನ ಹೊದಿಕೆ ಬಿಚ್ಚಿ, ಮುಖವನ್ನು ಗಾಳಿ ಬರುವ ಕಡೆಗೆ ತಿರುಗಿಸಿ ಹಿಡಿದೆ. ಉಸಿರು ಇತ್ತು, ತೀರಾ ಸಣ್ಣಗೆ. ಅಣ್ಣ ಅತ್ತಿಗೆಯನ್ನು ತೋಳು ಹಿಡಿದು ಇಳಿಸಿ ಗಾಳಿಗೆ ಕೂರಿಸಿ, ಕೂಸಿನ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಎಷ್ಟು ಹೊತ್ತಾಯಿತೋ ಹೇಳಲಾರೆ. ಮೊದಲು ತುಟಿ ಅಲುಗಿತು. ಆಮೇಲೆ ಬೆಕ್ಕಿನಮರಿಯಂಥ ಒಂದು ಸದ್ದು.

ಅಣ್ಣ ಓಡುತ್ತಿದ್ದ ಇಂಜಿನ್ನಿನ ಅಡಿಗೆ ತೂರಿ, ಪೈಪಿನ ಜೋಡಣೆಯ ಹತ್ತಿರ ಕೈ ಹಿಡಿದ. ತಕ್ಷಣ ಕೈ ಹಿಂದೆಳೆದುಕೊಂಡ. ಸೀಳಿದ ಗ್ಯಾಸ್ಕೆಟ್ಟಿನಿಂದ ಬಿಸಿ ಉಸಿರು ನೇರವಾಗಿ ನಮ್ಮ ಕಾಲ ಕೆಳಗಿನ ತಗಡಿನ ತೂತುಗಳಿಗೆ ಬಡಿಯುತ್ತಿತ್ತು.

ಬಂದ ಬಸ್ಸಿಗೆ ಕೈ ತೋರಿಸಿ ನಾವು ಹತ್ತಿದೆವು. ಕಿಟಕಿಗಳೆಲ್ಲ ತೆರೆದಿದ್ದ ಬಸ್ಸು. ಈ ಸಲ ಅತ್ತೆಯೇ ಕೂಸಿನ ಮುಖವನ್ನು ಗಾಳಿಯ ಕಡೆಗೆ ತಿರುಗಿಸಿ ಹಿಡಿದರು. ಶಿಕಾರಿಪುರದ ಆಸ್ಪತ್ರೆಯಲ್ಲಿ ಕೂಸಿಗೆ ಆಮ್ಲಜನಕ ಕೊಟ್ಟರು. ಡಾಕ್ಟರು ಅತ್ತೆಯನ್ನು ಕೇಳಿದರು: "ಇದು ವಾಸನೆ ಇಲ್ಲದ ಹೊಗೆ ವಿಷ. ಬಾಣಂತಿ ಕೋಣೆ ಬಾಗಿಲು ಮುಚ್ಚಿ ಕೆಂಡ ಇಟ್ಟಿದ್ರಾ?"

"ಇಲ್ಲ ಸಾಮಿ! ನಾನೇನು ತಿಳಿಗೇಡಿಯಾ?"

ಅಣ್ಣ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಅವನೇ ಹೇಳಲಿ ಎಂದು ನಾನು ಕಾದೆ. ಕೊನೆಗೆ ಅವನೇ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ, "ನನ್ ಗಾಡಿ ಹೊಗಿ ಸರ್" ಎಂದ.

ಕೂಸು ಉಳಿಯಿತು. ಆದರೆ ಅದು ಅಳದೆ ಮಲಗಿದ ಹೊತ್ತಿನಲ್ಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಅದರ ಅಂಗೈಗೆ ಬೆರಳಿಡುತ್ತಿದ್ದರು. ತಾಳಗುಂದದಿಂದ ಎಳೆದು ತರಿಸಿದ ವ್ಯಾನು ಬಾಗಿಲು ತೆರೆದುಕೊಂಡು ಅಂಗಳದಲ್ಲೇ ನಿಂತಿತ್ತು. ಮುಂದಿನ ವಾರ ಅಣ್ಣ ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಪಾಸಾಗೇತಲ್ಲೋ, ಮತ್ತೇನು ತಕರಾರು? ಶಾಲೆ ಗಾಡಿನೂ ನಿನ್ನೆ ಪಾಸಾತು. ಡಬ್ಬಿ ವಾಪಸ್ ಬಂದೈತಿ. ಬೇಕಾದ್ರ ಬಾ, ನಿಂದಕ್ಕೇ ಇರ್ಲಿ."

ಅಣ್ಣ ಫೋನ್ ಇಟ್ಟ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಶಾಲೆ ಗಾಡಿಯ ಹಾರ್ನ್ ಕೇಳಿಸಿತು. ಅಣ್ಣ ಚಪ್ಪಲಿ ಮೆಟ್ಟದೆ ಓಡಿ ರಸ್ತೆಗೆ ಅಡ್ಡ ನಿಂತ. ನಾನೂ ಹಿಂದೆಯೇ ಹೋದೆ. ಗಾಜುಗಳೆಲ್ಲ ಏರಿದ್ದವು, ಒಳಗಿನಿಂದ ಮಂಜು ಕಟ್ಟಿದ್ದವು. ಗಾಜಿಗೆ ಒರಗಿದ ಚಿಕ್ಕ ತಲೆಗಳು ಕಾಣುತ್ತಿದ್ದವು. ಬೇರೆ ದಿನಗಳಲ್ಲಿ ಆ ಗಾಡಿ ಬರುವುದು ಮಕ್ಕಳ ಗಲಾಟೆಯಿಂದಲೇ ಗೊತ್ತಾಗುತ್ತಿತ್ತು.

"ಗ್ಲಾಸ್ ಇಳಸೋ!" ಅಣ್ಣ ಕೂಗಿದ.

ಡ್ರೈವರ್ ತನ್ನ ಗಾಜನ್ನು ಎರಡು ಬೆರಳಿನಷ್ಟು ಇಳಿಸಿದ. "ಏ ಮಾರಾಯ, ಚಳಿ ಐತಿ. ಮಕ್ಕಳಿಗೆ ಗಾಳಿ ಹತ್ತತೈತಿ."

ಅಣ್ಣ ಆಗಲೇ ಜಾರುಬಾಗಿಲಿನ ಹಿಡಿಗೆ ಕೈ ಹಾಕಿದ್ದ.