ಬೀಗರ ಎದುರು ಕೆಟ್ಟ ಕಂಪ್ಯೂಟರ್

ಬೀಗರ ಎದುರಿಗೆ ಮನುಷ್ಯ ನಿಜ ಹೇಳೋದುಂಟೇ? ನಾನಂತೂ ಹೇಳಿದವನಲ್ಲ. ಮಗಳನ್ನು ಕೊಟ್ಟ ಮನೆ, ದೇವನೂರಿನವರು, ಷೇರು ಗೀರು ಅಂತ ಓಡಾಡುವವರು. ನಾನೋ, ಹೆಮ್ಮಿಗೆಯಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ನರಸೀಪುರದ ಸೈಟು ಮಾರಿದ ದುಡ್ಡು ಕೈಗೆ ಬಂದದ್ದೇ ತಡ, ಬೀಗರು ನನ್ನನ್ನು ನಂಜನಗೂಡಿಗೆ ಎಳೆದುಕೊಂಡು ಹೋದರು.

ಅಲ್ಲಿ ಮಹಡಿ ಮೇಲೆ, ದುಡ್ಡು ಎಲ್ಲಿ ಹಾಕಬೇಕು ಅಂತ ಸಲಹೆ ಕೊಡುವ ಹೆಣ್ಣುಮಗಳೊಬ್ಬಳ ಆಫೀಸು. ನಿಜಕ್ಕೂ ನಾನು ಸೈಟು ಮಾರಿದ್ದು ನನ್ನ ಹೆಂಡತಿಯ ಮಂಡಿ ಆಪರೇಷನ್ನಿಗೆ. ಮುಂದಿನ ವರ್ಷ ಮಾಡೋಣ ಅಂದಿದ್ದರು ಡಾಕ್ಟರು. ಬೀಗರಿಗೆ ಅದನ್ನು ಹೇಳಿರಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಸೈಟು ಮಾರಿದ ಅನ್ನಿಸಿಕೊಳ್ಳೋಕೆ ನನಗೇನು ಗ್ರಹಚಾರ?

"ಈ ದುಡ್ಡು ಯಾವಾಗ ಬೇಕಾಗುತ್ತೆ ಸಾರ್?" ಅಂದಳು ಆಕೆ.

"ನಮ್ಗೆಲ್ಲಿ ಅರ್ಜೆಂಟು!"

"ಷೇರಿಗೆ ಹಾಕಿದ್ದು ಅರ್ಧಕ್ಕೆ ಇಳಿದ್ರೆ?"

"ಇಳೀಲಿ ಬಿಡವ್ವ, ನಾವೇನು ಕಂಡಿಲ್ವಾ?"

ಬೀಗರು ಭಲೇ ಅಂದರು. ನಾನು ಟವೆಲ್ಲಿನಲ್ಲಿ ಮುಖದ ಬೆವರು ಒರೆಸಿದೆ, ಮತ್ತೆ ಒರೆಸಿದೆ. ಆಕೆ ಅದನ್ನೇ ನೋಡಿ ಕಂಪ್ಯೂಟರ್ ಕಡೆ ತಿರುಗಿದಳು. "ಅಯ್ಯೋ, ಸಿಸ್ಟಮ್ ಕೆಟ್ಟೋಗಿದೆ ಸಾರ್. ನಾಳೆ ಬನ್ನಿ. ನಾಮಿನಿ ಹಾಕ್ಬೇಕು, ಮನೆಯವರನ್ನ ಕರ್ಕೊಂಡು ಬನ್ನಿ."

ಮಾರನೆಯ ದಿನ ಬೀಗರಿಗೆ ಬಿಡುವಿರಲಿಲ್ಲ, ದೇವರು ದೊಡ್ಡವನು. ನನ್ನವಳು ಮೆಟ್ಟಿಲು ಹತ್ತಲಾರದೆ ಕೆಳಗೆ ಟೀ ಅಂಗಡಿ ಬೆಂಚಿನ ಮೇಲೆ ಕೂತಳು. ವಿಷಯ ತಿಳಿದು ಆ ಹೆಣ್ಣುಮಗಳೇ ಇಳಿದು ಬಂದು, ಪಕ್ಕದಲ್ಲಿ ಕೂತು, ಅವೇ ಪ್ರಶ್ನೆಗಳನ್ನು ಇವಳಿಗೆ ಕೇಳಿದಳು.

"ಅದು ನನ್ ಮಂಡಿ ದುಡ್ಡು ಕಣವ್ವ," ಅಂದಳು ನನ್ನವಳು. "ಕೂತ್ಕಂಡು ಹಾಲು ಕರೆದು ಎಷ್ಟು ಕಾಲ ಆಯ್ತೋ."

"ನಂಗೂ ಭಯ ಆಯ್ತದೆ ಕಣವ್ವ. ನಿನ್ನೆ ಸುಮ್ನೆ ಅಂದ್ಬುಟ್ಟೆ," ಅಂದೆ ನಾನು.

"ಭಯ ಆಗ್ಬೇಕಾದ್ದೇ ಸಾರ್. ವರ್ಷದೊಳಗೆ ಬೇಕಾದ ದುಡ್ಡು ಷೇರಿಗೆ ಬೇಡವೇ ಬೇಡ," ಅಂತ ಬ್ಯಾಂಕಿನಲ್ಲಿ ಎಫ್‌ಡಿ ಇಡಿಸಿದಳು. ಅದರಿಂದ ಆಕೆಗೆ ಬಿಡಿಗಾಸೂ ಹುಟ್ಟಲಿಲ್ಲ.

ಕೆಲವು ತಿಂಗಳಲ್ಲಿ ಮಾರ್ಕೆಟ್ಟು ಬಿತ್ತು. ಬೀಗರ ಮಾತೂ ತಗ್ಗಿತು. ಅವರ ದುಡ್ಡು ಇವತ್ತಲ್ಲ ನಾಳೆ ಎದ್ದೀತು, ಕಾಯುತ್ತಾರೆ. ನನ್ನವಳ ಮಂಡಿ ಕಾಯುತ್ತಿತ್ತೇ? ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಆಪರೇಷನ್ ಆಯಿತು. ಆ ತಾಯಿ ಹೊಟ್ಟೆ ತಣ್ಣಗಿರಲಿ.

ಮೊನ್ನೆ ಮನೆಯ ತುಪ್ಪ ಹಿಡಿದುಕೊಂಡು ನಂಜನಗೂಡಿಗೆ ಹೋದೆವು. ನನ್ನವಳು ಗೋಡೆ ಹಿಡಿದು ನಿಧಾನಕ್ಕೆ ಅಷ್ಟೂ ಮೆಟ್ಟಿಲು ಹತ್ತಿದಳು. ನನಗೆ ಕಣ್ಣು ತುಂಬಿ ಬಂತು. ಒಳಗೆ ಒಬ್ಬಾತ ತನ್ನ ಭಾವಮೈದನ ಎದುರಿಗೆ ಎದೆಯುಬ್ಬಿಸಿ, "ರಿಸ್ಕಾ? ಹಾಕಿ ಮೇಡಂ, ಎಲ್ಲಾನೂವೆ!" ಅನ್ನುತ್ತ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ.

"ಅಯ್ಯೋ, ಸಿಸ್ಟಮ್ ಕೆಟ್ಟೋಗಿದೆ ಸಾರ್," ಅಂದಳು ಆಕೆ.

ನಾನು ಬಾಗಿಲಿಂದ ನೋಡಿದರೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ! ಒಳಗೆ ಹೋಗಿ ಆತನ ಹೆಗಲ ಮೇಲೆ ಕೈ ಇಟ್ಟೆ.

"ಔದು ಕಣಪ್ಪ, ನಾಳೆ ಮನೆಯೋರ್ನ ಕರ್ಕಂಡು ಬಾ. ನಾನು ಬಂದಾಗ್ಲೂ ಅದು ಇಂಗೇ ಕೆಟ್ಟಿತ್ತು."