ನೆಟ್ ಹೊಲಿಯುತ್ತ ಕೂತಿದ್ದ ಪಿಟಿ ಮಿಸ್

ನಮ್ಮ ಪಿಟಿ ಮಿಸ್ಸಿನ ಬಲಗೈ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಲೇ ಇರಲಿಲ್ಲ. ಮುಷ್ಟಿ ಬಿಗಿದರೂ ಅದೊಂದು ಪಕ್ಕಕ್ಕೆ ಸೆಟೆದು ನಿಲ್ಲುತ್ತಿತ್ತು. ಟೀ ಲೋಟ ಹಿಡಿದಾಗ, ಸೀಟಿ ಊದುವಾಗ, ಹಾಜರಿ ಬರೆಯುವಾಗ, ಯಾವಾಗಲೂ ಹಾಗೇ. ಅದು ಟೀಚರುಗಳ ಶೋಕಿ ಇರಬೇಕು ಅಂತ ನಾನು ಮೊದಲು ಅಂದುಕೊಂಡಿದ್ದೆ.

ಆಗ ನಾನು ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಯಾದಗಿರಿ ಕಡೆಯಿಂದ ಬಂದ ನಾವು ಜೋಗುಪಾಳ್ಯದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಇಂದಿರಾನಗರದ ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದಳು. ಕ್ಲಾಸಿನ ಹುಡುಗರಿಗಿಂತಲೂ ಎತ್ತರ ಬೆಳೆದಿದ್ದ ನನಗೆ ಅದೇ ದೊಡ್ಡ ನಾಚಿಕೆ. ಬೆನ್ನು ಬಾಗಿಸಿಕೊಂಡು ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದೆ. ಒಂದು ದಿನ ಮಿಸ್ ಹಿಂದಿನಿಂದ ಬಂದು ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆದರು.

"ನೆಟ್ಟಗೆ ನಿಲ್ಲೇ. ದೇವ್ರು ಕೊಟ್ಟಿರೋ ಹೈಟನ್ನ ಯಾಕೆ ಹಿಂಗೆ ಮಡಚಿ ಇಟ್ಕೊಂಡಿದೀಯಾ?"

ಮಾರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ನಾನು ವಾಲಿಬಾಲ್ ಕೋರ್ಟಿನಲ್ಲಿದ್ದೆ.

ಮಿಸ್ ಮನೆಯಲ್ಲಿ ತಮಿಳು ಮಾತಾಡುತ್ತಿದ್ದರು, ಆಟೋದವರ ಜೊತೆ ದಖ್ನಿ ಉರ್ದು, ನಮ್ಮ ಜೊತೆ ಕನ್ನಡ. ಕೋಪ ಬಂದರೆ ಮಾತ್ರ ಮೂರೂ ಒಟ್ಟಿಗೆ ಬರುತ್ತಿದ್ದವು. ಮದುವೆಯಾಗಿರಲಿಲ್ಲ, ಹಲಸೂರಿನ ಹಳೆಯ ಹೆಂಚಿನ ಮನೆಯಲ್ಲಿ ಅವರೂ ಅವರ ಅಕ್ಕನೂ ಇಬ್ಬರೇ. ಪ್ರಾಕ್ಟೀಸಿಗೆ ಬರುವ ಹುಡುಗಿಯರು ಖಾಲಿ ಹೊಟ್ಟೆಯಲ್ಲಿ ಕುಣಿಯಬಾರದು ಅಂತ ಆ ಅಕ್ಕ ದಿನವೂ ಕಡಲೆಕಾಳು ಬೇಯಿಸಿ ಕಳಿಸುತ್ತಿದ್ದರು.

ಬೆರಳಿನ ಕತೆ ಗೊತ್ತಾದದ್ದು ನಾನು ಕಾಲೇಜು ಸೇರಿದ ಮೇಲೆ. ಮಿಸ್ ಒಂದು ಕಾಲಕ್ಕೆ ಇಂಡಿಯಾ ವಾಲಿಬಾಲ್ ಟೀಮಿಗೆ ಆಡಿದವರು. ಕ್ಯಾಂಪಿನಲ್ಲಿ ಚೆಂಡು ತಡೆಯುವಾಗ ಬೆರಳು ಮುರಿಯಿತು. ಡಾಕ್ಟರಿರಲಿಲ್ಲ. ಮ್ಯಾನೇಜರ್ ಒಂದು ಪೆನ್ಸಿಲ್ ಇಟ್ಟು ಬಟ್ಟೆ ಸುತ್ತಿ ಕಟ್ಟಿದರು. ಆ ಕಟ್ಟಿನಲ್ಲೇ ಮಿಸ್ ಹೊರದೇಶಕ್ಕೆ ಹೋಗಿ ಎಲ್ಲ ಮ್ಯಾಚನ್ನೂ ಆಡಿ ಬಂದರು. ವಾಪಸು ಬಂದು ಏರ್‌ಪೋರ್ಟಿನಿಂದ ಹೊರಗೆ ಕಾಲಿಡುವಷ್ಟರಲ್ಲಿ ಫೆಡರೇಶನ್ನಿನವರೊಬ್ಬರು ದೊಡ್ಡ ಚೀಲ ಹಿಡಿದು ನಿಂತಿದ್ದರಂತೆ. ಮುಂದಿನ ಟೀಮಿಗೆ ಬೇಕು ಅಂತ ಎಲ್ಲರ ಇಂಡಿಯಾ ಬ್ಲೇಜರ್ ಕೋಟು ಬಿಚ್ಚಿಸಿಕೊಂಡರಂತೆ.

"ಅಕ್ಕ ನೋಡ್ಲಿ ಅಂತ ಹಾಕ್ಕೊಂಡೇ ಮನೇಗ್ ಬರ್ಬೇಕು ಅಂತಿದ್ದೆ ಕಣೆ," ಎಂದು ಮಿಸ್ ನಕ್ಕರು. ನನಗೆ ನಗು ಬರಲಿಲ್ಲ.

"ಇಷ್ಟೆಲ್ಲಾ ಆದ್ಮೇಲೂ ನಮ್ಮನ್ನ ಯಾಕೆ ಕಳಿಸ್ತೀರ ಮಿಸ್?"

"ಆಡಿದ್ದು ಚೆನ್ನಾಗಿತ್ತು ಕಣೇ. ತುಂಬಾ ಚೆನ್ನಾಗಿತ್ತು," ಎಂದರು.

ಹತ್ತೊಂಬತ್ತನೇ ವಯಸ್ಸಿಗೆ ನನಗೂ ಇಂಡಿಯಾ ಕ್ಯಾಂಪಿನ ಕರೆ ಬಂತು. ಉತ್ತರ ಭಾರತದ ಒಂದು ಊರು. ಹನ್ನೆರಡು ಹುಡುಗಿಯರಿಗೆ ಒಂದೇ ಸ್ನಾನದ ಮನೆ, ಒಡೆದ ಸಿಮೆಂಟಿನ ಕೋರ್ಟು. ಟೀಮ್ ಡಾಕ್ಟರ ಹೆಸರು ನೋಟೀಸ್ ಬೋರ್ಡಿನಲ್ಲಿತ್ತು, ಮುಖವನ್ನು ನಾವ್ಯಾರೂ ನೋಡಲಿಲ್ಲ. ಮೂರನೇ ವಾರ ಒಂದು ಸ್ಮ್ಯಾಶಿಗೆ ಹಾರಿದವಳು ಇಳಿಯುವಾಗ ಬಿರುಕಿನ ಮೇಲೆ ಕಾಲಿಟ್ಟೆ. ಎಡ ಮೊಣಕಾಲು ಒಳಗಿನಿಂದ ಟಪ್ ಎಂದಿತು. ಐಸಿಲ್ಲದೆ ಕ್ಯಾಂಟೀನಿನ ಫ್ರಿಜ್ಜಿನಿಂದ ಹಸಿ ಬಟಾಣಿಯ ಪೊಟ್ಟಣ ತಂದು ಕಟ್ಟಿದರು. ನಾಲ್ಕನೇ ದಿನ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಊರಿಗೆ ಕಳಿಸಿದರು. ಹಾಳೆ ಹಿಂದಿಯಲ್ಲಿತ್ತು, ನಾನು ಓದಲಿಲ್ಲ. ಜನರಲ್ ಬೋಗಿಯಲ್ಲಿ ಕಾಲು ಚಾಚಲೂ ಜಾಗವಿಲ್ಲದೆ ಎರಡು ದಿನ ಬಂದೆ.

ಕೆ.ಆರ್. ಪುರ ಸ್ಟೇಶನ್ನಿನಲ್ಲಿ ಮಿಸ್ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಅವರ ಪರಿಚಯದ ಆಟೋ ಡ್ರೈವರ್. ಇಬ್ಬರೂ ಸೇರಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೊರಗೆ ತಂದರು. ಮನೆಯಲ್ಲಿ ಅವ್ವ ನನ್ನ ಕಾಲನ್ನು ಮುಟ್ಟಲೂ ಹೆದರಿದಳು.

"ಟೀಚರ್ರೇ, ಮಗಳ ಕಾಲ್ ಹೋತೇನ್ರಿ?"

"ಇಲ್ಲಮ್ಮ. ನಾನಿದೀನಿ. ಹೋಗಕ್ಕೆ ಬಿಡಲ್ಲ."

ಲಿಗಮೆಂಟ್ ಹರಿದಿತ್ತು, ಆಪರೇಶನ್ ಆಗಬೇಕಿತ್ತು. ಅದರ ಖರ್ಚು ಕೊಡಲು ಆಟಗಾರರಿಗೆಂದೇ ಸರ್ಕಾರದ ಒಂದು ಯೋಜನೆಯೂ ಇತ್ತು. ಆದರೆ ಪೆಟ್ಟಾದದ್ದು ಕ್ಯಾಂಪಿನಲ್ಲೇ ಅಂತ ಕ್ರೀಡಾ ಸಂಸ್ಥೆಯ ಪತ್ರ ಬೇಕು. ನಾನು ಸಹಿ ಹಾಕಿದ ಹಾಳೆಯಲ್ಲಿ ಬರೆದಿದ್ದದ್ದು, "ಸ್ವಂತ ಕಾರಣದಿಂದ ಕ್ಯಾಂಪ್ ಬಿಟ್ಟು ಹೋಗುತ್ತಿದ್ದೇನೆ" ಅಂತ.

ಮಿಸ್ ನನ್ನ ಜೊತೆ ಕ್ಯಾಂಪಿನಲ್ಲಿದ್ದ ಹನ್ನೊಂದು ಹುಡುಗಿಯರಿಗೂ ಫೋನ್ ಮಾಡಿದರು. ಕಣ್ಣಾರೆ ಕಂಡದ್ದನ್ನು ಅವರವರ ಭಾಷೆಯಲ್ಲೇ ಬರೆದು ಕಳಿಸಿ ಎಂದರು. ಏಳು ಜನ ಕಳಿಸಿದರು. ಉಳಿದ ನಾಲ್ವರಿಗೆ ಟೀಮಿನಿಂದ ತೆಗೆದುಬಿಡುತ್ತಾರೆಂಬ ಹೆದರಿಕೆ. ನಾನು ಅವರನ್ನು ಬೈಯುತ್ತಿದ್ದರೆ ಮಿಸ್ ತಡೆದರು. "ಬೈಬೇಡ ಕಣೆ. ಅವರೂ ನಿನ್ನ ಹಂಗೇನೆ. ಆಡ್ಬೇಕು ಅಷ್ಟೇ ಅವಕ್ಕೆ."

ಆ ಪತ್ರಗಳನ್ನು ಹಿಡಿದು ಅವರು ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಕ್ರೀಡಾ ಸಂಸ್ಥೆಯ ಆಫೀಸಿಗೆ ಹೋಗತೊಡಗಿದರು. ಕಂಟೋನ್ಮೆಂಟಿನ ಹಳೇ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಕಾರ್ಯದರ್ಶಿಗಳು ಒಂದು ವಾರ ಮೀಟಿಂಗಿನಲ್ಲಿರುತ್ತಿದ್ದರು, ಇನ್ನೊಂದು ವಾರ ಫೈಲು ದಿಲ್ಲಿಯಲ್ಲಿರುತ್ತಿತ್ತು. ಸುಮ್ಮನೆ ಕೂರುವುದು ಮಿಸ್ಸಿಗೆ ಆಗದ ಕೆಲಸ. ಶಾಲೆಯ ಹರಿದ ವಾಲಿಬಾಲ್ ನೆಟ್ಟನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ, ಆಫೀಸಿನ ಬೆಂಚಿನ ಮೇಲೆ ಕೂತು ನೈಲಾನ್ ದಾರದಲ್ಲಿ ಹೊಲಿಯುತ್ತಿದ್ದರು. ನೆಟ್ಟು ಕಾರಿಡಾರಿನ ತುಂಬ ಹರಡಿಕೊಳ್ಳುತ್ತಿತ್ತು. ಗುಮಾಸ್ತರು ಫೈಲು ಹಿಡಿದು ಅದನ್ನು ದಾಟಿಕೊಂಡು ಓಡಾಡಬೇಕಿತ್ತು. ಶಾಲೆಯ ನೆಟ್ಟು ಮುಗಿದ ಮೇಲೆ ಕಮ್ಮನಹಳ್ಳಿಯ ಇನ್ನೊಂದು ಶಾಲೆಯ ನೆಟ್ಟು ಕೇಳಿ ತಂದರು.

ಐದನೇ ತಿಂಗಳಿಗೆ ಕಾರ್ಯದರ್ಶಿಗಳು ಸೋತರೋ, ಅವರಿಗೇ ನಾಚಿಕೆಯಾಯಿತೋ, ಪತ್ರ ಸಿದ್ಧವಾಯಿತು. ಆದರೆ ಆಟಗಾರ್ತಿ ಖುದ್ದು ಬಂದು ಅವರೆದುರು ಸಹಿ ಹಾಕಬೇಕು ಎಂದರು. ನಾವು ಆಟೋದಲ್ಲಿ ಹೋದೆವು. ನಾನು ಕೆಳಗೆ ಆಟೋದಲ್ಲೇ ಕೂತೆ, ಮಿಸ್ ಮೇಲೆ ಹೋದರು. ತೆರೆದ ಕಿಟಕಿಯಿಂದ ಅವರ, ಕಾರ್ಯದರ್ಶಿಗಳ ದನಿ ಕೆಳಗಿನವರೆಗೂ ಕೇಳುತ್ತಿತ್ತು.

"ಅವಳು ಹತ್ತಿ ಬರಕ್ಕಾಗಲ್ಲ ಸರ್."

"ರೂಲ್ಸ್ ಹಂಗಿದೆ ಮೇಡಂ, ನಾನೇನ್ ಮಾಡ್ಲಿ?"

"ಇಂಡಿಯಾಗೋಸ್ಕರ ಹಾರಿ ಕಾಲು ಮುರ್ಕೊಂಡಿರೋ ಹುಡುಗಿ ಸರ್ ಅದು. ನೀವು ಎರಡು ಮಹಡಿ ಇಳೀರಿ."

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳು ಮೆಟ್ಟಿಲಿಳಿದು ಬಂದರು, ಹಿಂದೆ ಸೀಲು ಮತ್ತು ಇಂಕ್ ಪ್ಯಾಡು ಹಿಡಿದ ಜವಾನ, ಅವನ ಹಿಂದೆ ಮಿಸ್. ಆಟೋದ ಸೀಟಿನ ಮೇಲೆ ಕಾಗದ ಇಟ್ಟು ನಾನು ಸಹಿ ಹಾಕಿದೆ. ಕಾರ್ಯದರ್ಶಿಗಳ ಕಣ್ಣು ನನ್ನ ಊದಿದ ಮೊಣಕಾಲಿನ ಮೇಲೆಯೇ ಇತ್ತು. ಸೀಲು ಒತ್ತಿದ ಮೇಲೆ, "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ನನಗೆ ಅಳು ಬಂತು.

ಆಪರೇಶನ್ ಆಯಿತು. ಇಂಡಿಯಾ ಟೀಮಿಗೆ ನಾನು ಮತ್ತೆ ಆಡಲಿಲ್ಲ. ಅದು ಈಗಲೂ ಕೆಲವೊಮ್ಮೆ ಒಳಗೆ ಚುಚ್ಚುತ್ತದೆ. ಆದರೆ ಕುಂಟದೆ ನಡೆಯುತ್ತೇನೆ, ಖಾಸಗಿ ಶಾಲೆಯೊಂದರಲ್ಲಿ ಪಿಟಿ ಟೀಚರಾಗಿದ್ದೇನೆ, ಮಕ್ಕಳ ಜೊತೆ ಹಾರುತ್ತೇನೆ.

ಮಿಸ್ ರಿಟೈರಾದ ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು. ಆವತ್ತೂ ಬೆಳಿಗ್ಗೆ ಪ್ರಾಕ್ಟೀಸ್ ಮಾಡಿಸಲು ಕೋರ್ಟಿಗೆ ಹೊರಟು ಶೂ ಕಟ್ಟಿಕೊಳ್ಳುತ್ತಿದ್ದರಂತೆ. ಫೆಡರೇಶನ್ನಿನಿಂದ ಒಂದು ಹೂವಿನ ಹಾರವೂ ಬರಲಿಲ್ಲ. ಬಂದವರು ಹುಡುಗಿಯರು. ಮಕ್ಕಳನ್ನು ಎತ್ತಿಕೊಂಡು ಬಂದವರು, ಡ್ಯೂಟಿಯ ಖಾಕಿಯಲ್ಲೇ ಬಂದವರು, ಊರುಗಳಿಂದ ಬಸ್ಸು ಹತ್ತಿ ಬಂದವರು. ನನಗಾಗಿ ಪತ್ರ ಬರೆಯದ ನಾಲ್ವರಲ್ಲಿ ಒಬ್ಬಳೂ ಕೇರಳದಿಂದ ಬಂದಿದ್ದಳು. ಇಬ್ಬರೂ ಕೈಹಿಡಿದು ನಿಂತೆವು.

ಕಲ್ಪಳ್ಳಿಯ ಕ್ರೈಸ್ತರ ಸ್ಮಶಾನದ ಗೇಟಿನಲ್ಲಿ ಚರ್ಚಿನ ಗಂಡಸರು ಪೆಟ್ಟಿಗೆ ಹೊರಲು ಮುಂದೆ ಬಂದಾಗ ಮಿಸ್ಸಿನ ಅಕ್ಕ ಕೈ ಅಡ್ಡ ಹಿಡಿದರು. "ಮಕ್ಕಳು ಹೊರಲಿ," ಎಂದರು. ಆರು ಜನ ಭುಜ ಕೊಟ್ಟೆವು. ಒಬ್ಬೊಬ್ಬರದು ಒಂದೊಂದು ಎತ್ತರ, ಪೆಟ್ಟಿಗೆ ವಾಲಿತು. ಹಿಂದಿನಿಂದ ಯಾರೋ ಮೆಲ್ಲಗೆ, "ಹೈಟ್ ನೋಡ್ಕೊಂಡು ನಿಲ್ರೇ," ಎಂದರು. ಜಾಗ ಬದಲಾಯಿಸಿಕೊಂಡು ಹೊರಟೆವು.

ಸಮಾಧಿಯವರೆಗೆ ದೂರವಿತ್ತು. ಅರ್ಧ ದಾರಿಯಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ಕೇರಳದ ಹುಡುಗಿ ನನ್ನ ತೋಳು ಮುಟ್ಟಿ, ಕಾಲು ನೋಯುತ್ತದೆ ಬಿಡು, ನಾನು ಹಿಡಿಯುತ್ತೇನೆ ಎಂದಳು.

ನಿಜಕ್ಕೂ ನೋಯುತ್ತಿತ್ತು. ನಾನು ಬಿಡಲಿಲ್ಲ.