ಒಳಗಡೆ ಚಿಲಕವಿದ್ದ ಬೀರು

ಗುಡುಗು ಸತ್ತ. ಮಂಗಳವಾರ ಬೆಳಿಗ್ಗೆ, ನಾವು ಕೆಡವಬೇಕಿದ್ದ ಮೂರಂತಸ್ತಿನ ಹಳೆಯ ಮನೆಯ ಮೆಟ್ಟಿಲ ಗೋಡೆ ಅವನ ಮೇಲೆ ಬಿತ್ತು. ನಾವೇ ಇಟ್ಟಿಗೆ ಸರಿಸಿ ಹೊರಗೆ ತೆಗೆದೆವು. ಎದೆ ಚಪ್ಪಟೆಯಾಗಿತ್ತು, ಒಂದು ಕಿವಿ ಇರಲಿಲ್ಲ. ಬಾಯಿಯ ತುಂಬ ಸುಣ್ಣದ ಪುಡಿ. ಅವನ ಹೆಂಡತಿ ಬಂದವಳು ಅಳಲಿಲ್ಲ. ಮಗುವಿನ ಬಾಯಿಂದ ಮಣ್ಣು ತೆಗೆಯುವ ಹಾಗೆ ಬೆರಳು ಹಾಕಿ ಆ ಪುಡಿಯನ್ನೆಲ್ಲ ತೆಗೆದಳು.

ನಮ್ಮದು ಮನೆ ಕೆಡವುವ ತಂಡ. ಅವನು ಮುಂದಾಳು. ಒಡೆಯುವ ಮೊದಲು ವೈರು, ಮೀಟರು ಬಿಚ್ಚುವವನು ನಾನು. ಜನ ಬಿಟ್ಟುಹೋದ ಪುಸ್ತಕಗಳನ್ನು ನಾನು ಚೀಲಕ್ಕೆ ತುಂಬಿಕೊಳ್ಳುವಾಗ, "ಆ ಕಾಗದದ ಗೋಡೆ ಒಡೆಯೋಕೆ ನನ್ನ ಕೈಲಿ ಆಗಲ್ಲಪ್ಪ, ನೀನೇ ಒಡಕೋ" ಅನ್ನುತ್ತಿದ್ದ.

ಅವನ ಅಪ್ಪನೂ ಇದೇ ಕೆಲಸದವನು. ಬೆಲ್ಟು, ಹಗ್ಗ, ಸಲಿಕೆಯ ಕಾವು, ಕೈಗೆ ಸಿಕ್ಕಿದ್ದರಲ್ಲಿ ಮಗನನ್ನು ಬಡಿಯುತ್ತಿದ್ದನಂತೆ. "ನನ್ನ ಬೆನ್ನು ನಮ್ಮಪ್ಪನ ಸ್ಲೇಟು" ಎಂದು ಇವನು ನಗುತ್ತ ಅಂಗಿ ಎತ್ತಿ ತೋರಿಸುತ್ತಿದ್ದ. ಆ ನಗು ನೋಡಲಾಗುತ್ತಿರಲಿಲ್ಲ.

ಗುಡುಗು ಎಂಬ ಹೆಸರು ಬಂದದ್ದು ದನಿಯಿಂದ. ಬಾಗಿಲಲ್ಲಿ ನಿಂತು "ಯಾರ್ರೀ ಒಳಗೆ?" ಎಂದು ಒಮ್ಮೆ ಅಬ್ಬರಿಸುವನು. ಉತ್ತರ ಬರದಿದ್ದರೆ ಮನೆ ಖಾಲಿ ಎಂದೇ ಅರ್ಥ. ಆಮೇಲೆ ಸಮ್ಮಟಿಗೆ. ಅವನು ಬೀಸುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು. ಸಂಜೆ ಸಮ್ಮಟಿಗೆಯನ್ನು ಕೆಳಗಿಡುತ್ತಿದ್ದನೇ ಹೊರತು ಕೈಯನ್ನು ಕೆಳಗಿಡುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಗೆ ಏಟು, ಉತ್ತರ ಕೊಟ್ಟರೆ ಏಟು, ಕೊಡದಿದ್ದರೆ ಇನ್ನೊಂದು. ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಕೇಳಿದ ಕೂಡಲೇ ಐದು ವರ್ಷದ ಮಗಳು ಮರದ ಬಟ್ಟೆ ಬೀರುವಿನೊಳಗೆ ಸೇರಿ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಒಂದು ದಿನ ಕರೆದರೆ ಹೊರಗೆ ಬರಲಿಲ್ಲ. ಅವನು ಸಮ್ಮಟಿಗೆ ತಂದು ಬೀರುವಿನ ಬಾಗಿಲನ್ನೇ ಒಡೆದ. ಹಲಗೆಯ ಸೀಳು ಮಗುವಿನ ಹುಬ್ಬಿನ ಮೇಲೆ ಹೊಕ್ಕಿತು. ಹೆಂಡತಿ ಕಬ್ಬಿಣದ ಬಾಣಲೆಯಿಂದ ಅವನ ತಲೆಗೆ ಬಡಿದು, ರಕ್ತ ಸುರಿಯುತ್ತಿದ್ದ ಮಗುವನ್ನು ಎತ್ತಿಕೊಂಡು ತಮ್ಮನ ಮನೆಗೆ ಓಡಿದಳು.

ತಮ್ಮ, ಅಂದರೆ ಗುಡುಗಿನ ಬಾಮೈದ, ಮೊಳದುದ್ದದ ಮನುಷ್ಯ. ಇವನ ಹೆಗಲಿಗೂ ಬರುವುದಿಲ್ಲ. ಆದರೂ ಮರುದಿನ ನಮ್ಮ ಕೆಲಸದ ಜಾಗಕ್ಕೇ ಕೈಗೆ ಸೈಕಲ್ ಚೈನು ಸುತ್ತಿಕೊಂಡು ಬಂದ. ಇಬ್ಬರೂ ಕಲ್ಲುಮಣ್ಣಿನ ಗುಡ್ಡೆಯ ಮೇಲೆ ಹೊರಳಾಡಿ ಬಡಿದಾಡಿದರು. ಗುಡುಗಿನ ಮುಂದಿನ ಹಲ್ಲುಗಳು ಹೋದವು. ಬಾಮೈದನ ಪಕ್ಕೆಲುಬು ಮುರಿಯಿತು. ನಾವು ನಾಲ್ವರು ಸೇರಿ ಬಿಡಿಸಬೇಕಾಯಿತು.

"ಹೊಡಿ ಭಾವ, ಇನ್ನೂ ಹೊಡಿ" ಎಂದು ಬಾಮೈದ ಬಿದ್ದಲ್ಲಿಂದಲೇ ಕೂಗಿದ. "ಐದು ವರ್ಷದ ಕೂಸನ್ನ ಗೆದ್ದು ಬಂದ ಗಂಡಸು ನೀನು! ನಾನ್ಯಾವ ಲೆಕ್ಕ?"

ಗುಡುಗು ಬಾಯಲ್ಲಿದ್ದ ರಕ್ತ ಉಗುಳಿ, ಉಗುಳಿದ್ದನ್ನೇ ನೋಡುತ್ತ ಕುಳಿತ. ಮತ್ತೆ ಕೈ ಎತ್ತಲಿಲ್ಲ.

ಹೆಂಡತಿ ಹೇಳಿಕಳಿಸಿದ ಮಾತು ಒಂದೇ. "ಅವನು ಕರೆದ್ರೆ ಬರಲ್ಲ, ಊರೇ ಬಂದು ಕರೆದ್ರೂ ಬರಲ್ಲ. ಮಗು ತಾನಾಗಿ ಹೋಗಿ ಅವನ ಮುಂದೆ ನಿಲ್ಲಲಿ. ಆವತ್ತು ನೋಡೋಣ."

ಅವನು ಭಾನುವಾರ ಭಾನುವಾರ ಹೋಗತೊಡಗಿದ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಬಾಮೈದ ಹೊಸಿಲಲ್ಲಿ ಕಬ್ಬಿಣದ ಸಲಾಕೆ ಮೊಣಕಾಲ ಮೇಲಿಟ್ಟುಕೊಂಡು ಕೂರುವನು. ಮಗು ಆ ಮನೆಯ ಬೀರು ಸೇರಿಬಿಡುವಳು. ಇವನು ಅಂಗಲಾಚಿದ, ಗೊಂಬೆ ತಂದ, ಒಮ್ಮೆ ತಡೆಯಲಾರದೆ "ಬಾರೇ ಹೊರಗೆ!" ಎಂದು ಗುಡುಗಿಯೂ ಬಿಟ್ಟ. ಬೀರುವಿನೊಳಗೆ ಮಗು ಉಚ್ಚೆ ಹೊಯ್ದುಕೊಂಡಳು. ಬಾಮೈದ ಸಲಾಕೆಯಿಂದ ಇವನ ಮಂಡಿಗೆ ಒಂದು ಬಿಟ್ಟ. ಇವನು ಕುಂಟುತ್ತ ಮನೆಗೆ ಬಂದು, ತಾನು ಒಡೆದ ಬೀರುವಿನ ಮುಂದೆ ಕುಳಿತು ಬೆಳತನಕ ಅದಕ್ಕೆ ಹೊಸ ಬಾಗಿಲು ಮಾಡಿದ. ಗಾಳಿಯಾಡಲು ತೂತು ಕೊರೆದ. ಚಿಲಕವನ್ನು ಒಳಗಡೆ ಹಾಕಿದ.

"ಇದೇನೋ, ಚಿಲಕ ಒಳಗಡೆ?" ಎಂದೆ.

"ಹೊರಗಡೆ ನಾನಿರ್ತೀನಲ್ಲ" ಅಂದ.

ಮುಂದಿನ ವಾರ ಆ ಬೀರುವನ್ನೇ ಗಾಡಿಯಲ್ಲಿ ಹೇರಿಕೊಂಡು ಹೋಗಿ ಬಾಮೈದನ ಕೋಣೆಯಲ್ಲಿ ಇಳಿಸಿದ. ಮಗು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಬಾಗಿಲ ಮುಂದೆ ನೆಲದ ಮೇಲೆ ಕುಳಿತು ಹೇಳಿದ: "ಅವತ್ತು ಒಡೆದಿದ್ದು ನಾನು. ನೀನೇನೂ ತಪ್ಪು ಮಾಡಿರ್ಲಿಲ್ಲ. ತಪ್ಪೆಲ್ಲ ನಂದೇ." ಆಮೇಲೆ ಗೋಡೆಗೆ ಮುಖಮಾಡಿ, ಕಣ್ಣು ಮುಚ್ಚಿ, ಒಂದು, ಎರಡು ಎಂದು ಎಣಿಸತೊಡಗಿದ. ಎಣಿಸಿ ಮುಗಿಸಿ ಎದ್ದು ಹುಡುಕಿದ. ಅಕ್ಕಿ ಡಬ್ಬಿಯಲ್ಲಿ ಇಣುಕಿದ. ನನ್ನ ಪುಸ್ತಕದ ಚೀಲ ಕೊಡವಿದ. ಸಲಾಕೆ ಹಿಡಿದು ಕೂತಿದ್ದ ಬಾಮೈದನ ಅಂಗಿ ಎತ್ತಿ, "ಇಲ್ಲಿ ಹೊಟ್ಟೆ ಬಿಟ್ರೆ ಏನೂ ಇಲ್ಲಪ್ಪ" ಅಂದ.

ಬೀರುವಿನೊಳಗಿಂದ ಕಿಸಕ್ಕೆಂದಿತು.

ಅವನು ಬೀರುವಿನ ಕಡೆ ಕೈ ಚಾಚಲಿಲ್ಲ. "ಸೋತೆ ಕಣಮ್ಮ" ಎಂದ, ಮೆಲ್ಲಗೆ. ಅವನ ಬಾಯಲ್ಲಿ ಆ ಮಾತನ್ನು ಅದಕ್ಕೆ ಮುಂಚೆ ನಾನು ಕೇಳಿದ್ದಿಲ್ಲ.

ಹೀಗೆ ಎಷ್ಟೋ ಭಾನುವಾರ. ಕೊನೆಗೊಮ್ಮೆ ಚಿಲಕ ಸರಿದ ಸದ್ದಾಯಿತು. ಮಗು ಹೊರಗೆ ಬಂದು ಅವನ ಮುಂದೆ ನಿಂತಳು. ನಿಂತವಳು ಮುಷ್ಟಿ ಕಟ್ಟಿ ಅವನ ಮೂಗಿನ ಮೇಲೆ ಗುದ್ದಿದಳು, ರಕ್ತ ಬರುವ ಹಾಗೆ. ಬಾಮೈದ ಸಲಾಕೆ ಹಿಡಿದು ಎದ್ದು ನಿಂತ. ಗುಡುಗು ಮೂಗು ಒರೆಸಿಕೊಂಡು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮಗು ಸ್ವಲ್ಪ ಹೊತ್ತು ಕಾದು ನೋಡಿ, "ಇನ್ನೊಂದಾಟ" ಅಂದಳು.

ಹೆಂಡತಿ ಆ ತಿಂಗಳು ಮನೆಗೆ ಬಂದಳು, ಬೀರುವಿನ ಸಮೇತ. ಬಾಣಲೆಯನ್ನು ಮಾತ್ರ ಅಡುಗೆಮನೆಯಲ್ಲಿಡದೆ ಹಾಸಿಗೆಯ ಪಕ್ಕದ ಮೊಳೆಗೆ ನೇತುಹಾಕಿದಳು. ಅದು ಈಗಲೂ ಅಲ್ಲೇ ಇದೆ. ಬಾಮೈದ ನಮ್ಮ ತಂಡಕ್ಕೇ ಕೆಲಸಕ್ಕೆ ಸೇರಿದ, ಭಾವನ ಮೇಲೆ ಕಣ್ಣಿಡಲು. ಬರಬರುತ್ತ ಕಣ್ಣಿಡುವುದು ಮರೆತು ಒಂದೇ ಡಬ್ಬಿಯಲ್ಲಿ ಊಟ ಮಾಡತೊಡಗಿದರು.

ಆ ವರ್ಷವೇ ಒಂದು ಮನೆಯಲ್ಲಿ ಗುಡುಗು ಎಂದಿನಂತೆ ಬಾಗಿಲಲ್ಲಿ ಕೂಗಿ ಸಮ್ಮಟಿಗೆ ಬೀಸಿದ. ಮೂರನೇ ಏಟಿಗೆ ಅಟ್ಟ ಕುಸಿದು, ಅದರ ಮೇಲೆ ಬಚ್ಚಿಟ್ಟುಕೊಂಡಿದ್ದ ಒಬ್ಬ ಮನೆಯಿಲ್ಲದ ಮುದುಕ ತಲೆ ಒಡೆದುಕೊಂಡು ಕೆಳಗೆ ಬಿದ್ದ. ಬದುಕಿದ, ಪುಣ್ಯಕ್ಕೆ. ಕಂಟ್ರಾಕ್ಟರು, "ಕೂಗಿದ್ರೂ ಬರಲಿಲ್ಲ ಅಂತ ಹೇಳ್ಬಿಡು" ಅಂದರೆ ಇವನು ಒಪ್ಪಲಿಲ್ಲ. "ಕೂಗಿದ್ರೆ ಹೆದರಿದೋರು ಹೊರಗೆ ಬರಲ್ಲ ಸಾರ್, ಇನ್ನೂ ಒಳಗೆ ಹೋಗ್ತಾರೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೂಗಿದೆ" ಎಂದು ಪೊಲೀಸರೆದುರೇ ಹೇಳಿ, ಜೈಲಿಗೆ ಹೋಗಿ ಬಂದ.

ಬಂದ ಮೇಲೆ ನಮ್ಮ ತಂಡದಲ್ಲಿ ಕಣ್ಣಾಮುಚ್ಚಾಲೆ ಶುರುವಾಯಿತು. ಕೆಡವುವ ಮೊದಲು ಒಬ್ಬ ಮನೆಯೊಳಗೆ ಅಡಗಬೇಕು, ಒಬ್ಬ ಹುಡುಕಬೇಕು. ತಪಾಸಣೆ ಮಾಡಿ ಅಂದರೆ ಯಾವನೂ ಅಟ್ಟ ಹತ್ತುವುದಿಲ್ಲ. ಆಟವೆಂದರೆ ನೀರಿನ ತೊಟ್ಟಿಯನ್ನೂ ಬಿಡುವುದಿಲ್ಲ. ಸೋತವನು ಗೆದ್ದವನ ಸಾಮಾನು ಹೊರಬೇಕು. ಗಡ್ಡ ನೆರೆತವರು ಬೀಳಲಿರುವ ಮನೆಗಳಲ್ಲಿ ಉಸಿರು ಬಿಗಿಹಿಡಿದು ಕೂತು ನಕ್ಕೆವು. ಅಡಗಿದವನನ್ನು ಹೊರಗೆಳೆಯಲು ಏನು ಸುಳ್ಳಾದರೂ ಹೇಳಬಹುದಿತ್ತು: ಟೀ ಬಂತು, ಹಾವು ಬಂತು, ಗೋಡೆ ಬಿತ್ತು. ಒಂದು ಮಾತು ಮಾತ್ರ ಸುಳ್ಳಾಗಿ ಆಡುವಂತಿರಲಿಲ್ಲ. "ಸೋತೆ" ಅಂದರೆ ಸೋತಂತೆಯೇ. ಅದನ್ನೂ ಹುಡುಕುವವನು ಒಳಗೆ ನಿಂತು ಹೇಳಬೇಕು. ಬಾಗಿಲಲ್ಲಿ ನಿಂತು ಕೂಗಿದ್ದು ಲೆಕ್ಕಕ್ಕಿಲ್ಲ ಎಂಬುದು ಗುಡುಗಿನ ಕಾನೂನು.

ಮಂಗಳವಾರ ಅಡಗಿದ್ದು ಬಾಮೈದ. ಹುಡುಕುವ ಸರದಿ ಗುಡುಗಿನದು; ಎಲ್ಲ ಅಂತಸ್ತನ್ನೂ ಜಾಲಾಡಿ, ಸಿಗದೆ, ನೀರು ಕುಡಿಯಲು ಹೊರಗೆ ಬಂದಿದ್ದ. ಆಗ ಹಿಂದಿನ ನಿವೇಶನದಲ್ಲಿ ಯಾರೋ ಮಣ್ಣು ತೋಡುತ್ತಿದ್ದ ಯಂತ್ರ ನಮ್ಮ ಮನೆಯ ಬುನಾದಿಗೆ ಬಡಿಯಿತು. ಮೆಟ್ಟಿಲ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರಿದದ್ದು ನಮ್ಮ ಕಣ್ಣಿಗೇ ಕಂಡಿತು.

"ಗೋಡೆ ಬೀಳ್ತಿದೆ, ಬಾರೋ ಹೊರಗೆ!" ಎಂದು ಎಲ್ಲರೂ ಅರಚಿದೆವು.

ಮೇಲಿನಿಂದ ನಗು ಕೇಳಿಸಿತು. "ಅದು ಹಳೇ ಸುಳ್ಳು! ಹೊಸದು ಹೇಳ್ರೋ!"

ನಾನು ಗುಡುಗಿನ ತೋಳು ಹಿಡಿದೆ. ಕೊಸರಿಕೊಂಡ. "ಆಟ ಕಟ್ಟಿದೋನು ನಾನು, ಬಿಡು" ಎಂದು ಒಳಗೆ ಓಡಿದ. ಇಟ್ಟಿಗೆಗಳು ಉದುರಲು ಶುರುವಾಗಿ, ನಾವು ಹತ್ತಿರ ಹೋಗಲಾರದೆ ಹಿಂದೆ ಸರಿದೆವು. ಬಾಮೈದ ಎರಡನೇ ಅಂತಸ್ತಿನ ಕಿಟಕಿಯಿಂದ ಪಕ್ಕದ ಮನೆಯ ತಾರಸಿಗೆ ಹಾರಿ ಬಿದ್ದ. ಅವನ ಹಿಂದೆಯೇ ಗೋಡೆ ಬಿತ್ತು.

ಬಾಮೈದನ ಕಾಲು ಮುರಿದಿದೆ. ಆಸ್ಪತ್ರೆಯಲ್ಲಿ, ನಾನು ಕೇಳದೆಯೇ, ಹಲ್ಲು ಕಚ್ಚಿಕೊಂಡು ಹೇಳಿದ. ಭಾವ ಮೆಟ್ಟಿಲು ಹತ್ತಿ ಬಂದ ಸದ್ದು ಅವನಿಗೆ ಕೇಳಿಸಿತ್ತಂತೆ. ಸುತ್ತ ಮನೆಯೇ ಕಿತ್ತು ಬರುತ್ತಿದ್ದಾಗ ಗುಡುಗು ದನಿ ಎತ್ತಲಿಲ್ಲವಂತೆ. ಆ ಬೀರುವಿನ ಮುಂದೆ ಕೂತು ಆಡುತ್ತಿದ್ದ ದನಿಯಲ್ಲೇ, "ಸೋತೆ ಕಣೋ. ಬಾ, ಕಿಟಕಿಯಿಂದ ಹಾರು" ಎಂದ.